ಇಟ್ಟದ್ದು ಯಾರಿಗೆ?

ನಮ್ಮ ಭಾಷೆಯಲ್ಲಿ ಗಾದೆಗಳಿಗೆ ಬರವಿಲ್ಲ. ತೊಂದರೆಯೆಂದರೆ, ಎಷ್ಟೋ ಗಾದೆಗಳು ಒಂದೇ ಮನೆಯ ಇಬ್ಬರು ಓರಗಿತ್ತಿಯರ ಹಾಗೆ ಒಂದಕ್ಕೊಂದು ಬೆನ್ನು ಹಾಕಿ ಕುಳಿತಿರುತ್ತವೆ. ‘ತಾಳಿದವನು ಬಾಳಿಯಾನು’ ಎಂದು ಒಂದು ಹೇಳಿದರೆ, ‘ನಾಳೆ ಎಂದವನ ಮನೆ ಹಾಳು’ ಎಂದು ಇನ್ನೊಂದು ಎದ್ದು ನಿಲ್ಲುತ್ತದೆ. ಶಾಲೆಯಲ್ಲಿ ಗಾದೆಯ ವಿಸ್ತರಣೆ ಬರೆಸುವಾಗ ಈ ವಾರ ಮೊದಲನೆಯದನ್ನು ಕೊಟ್ಟರೆ ಮಕ್ಕಳು ತಾಳ್ಮೆಯನ್ನು ಹೊಗಳಿ ಹತ್ತು ಸಾಲು ಬರೆಯುತ್ತಾರೆ. ಮುಂದಿನ ವಾರ ಎರಡನೆಯದನ್ನು ಕೊಟ್ಟರೆ ಅದೇ ಮಕ್ಕಳು ತಡ ಮಾಡುವವರನ್ನು ಬೈದು ಹತ್ತು ಸಾಲು ಬರೆಯುತ್ತಾರೆ. ನಾವು ಎರಡಕ್ಕೂ ಅಂಕ ಕೊಡುತ್ತೇವೆ. ಪರೀಕ್ಷೆಯಲ್ಲಿ ಇದು ನಡೆಯುತ್ತದೆ. ಆದರೆ ಎರಡೂ ಗಾದೆಗಳು ಒಂದೇ ದಿನ ಒಂದೇ ವಸ್ತುವಿನ ಮೇಲೆ ಬಂದು ಕೂತರೆ ಏನು ಮಾಡುವುದು?

ಹಾಗೆ ಅವು ಬಂದು ಕೂತದ್ದು ಒಂದು ಬಿಯರ್ ಬಾಟಲಿಯ ಮೇಲೆ. ಹುಬ್ಬೇರಿಸಬೇಡಿ. ಸಾಗರದಂಥ ಊರಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ, ಶುಂಠಿ ಕಷಾಯಕ್ಕಿಂತ ಖಾರವಾದದ್ದನ್ನು ಕುಡಿದರಿಯದ ನನಗೂ ಬಿಯರಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ನಂಟು ಇರುವುದು ನನ್ನ ಚಿಕ್ಕಪ್ಪನ ಮಗಳ ಮೂಲಕ. ಅವಳು ಮದುವೆಯಾಗಿ 1990ರಲ್ಲಿ ಇಂಗ್ಲೆಂಡಿಗೆ ಹೋದವಳು. ಗಂಡ ಅಲ್ಲಿಯ ದಕ್ಷಿಣ ಭಾಗದ ಡಾರ್ಸೆಟ್ ಜಿಲ್ಲೆಯಲ್ಲಿ ವೈದ್ಯರು. 1993ರಲ್ಲಿ ಮಗ ಹುಟ್ಟಿದಾಗ ಅವರು ಆ ಸೀಮೆಯದೇ ಒಂದು ಹೆಸರುವಾಸಿ ಬಿಯರಿನ ಸಣ್ಣ ಬಾಟಲಿ ತಂದು, “ಇವನು ದೊಡ್ಡವನಾದ ಮೇಲೆ ಇವನ ಜೊತೆ ಕೂತು ಕುಡಿಯುತ್ತೇನೆ” ಎಂದು ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟರಂತೆ. ಮಗ ದೊಡ್ಡವನಾದ. ಓದು, ಪರೀಕ್ಷೆ, ಕೆಲಸ, ಬೇರೆ ಊರು, ಹೀಗೆ ಏನಾದರೊಂದು ಬಂದು ಆ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. 2021ರಲ್ಲಿ ಗಂಡ ತೀರಿಕೊಂಡರು. ಬಾಟಲಿ ಮಾತ್ರ ಬೀರುವಿನಲ್ಲಿಯೇ ಉಳಿಯಿತು.

ಕಳೆದ ವರ್ಷ ಆ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುವಾಗ ಅದು ಕೈಗೆ ಸಿಕ್ಕಿತು. ಫೋನು ಮಾಡಿ, “ಅಕ್ಕಾ, ಬೀರುವಿನಲ್ಲಿ ಬಿಯರ್ ಸಿಕ್ಕಿದೆ, ಏನು ಮಾಡಲಿ ಹೇಳು” ಎಂದಳು. ಮೊದಲು ಇಬ್ಬರೂ ನಕ್ಕೆವು. ಆಮೇಲೆ ಅವಳು ಅತ್ತಳು. “ಅವರು ಕೈಯಾರೆ ಇಟ್ಟದ್ದು. ತೆಗೆದರೆ ಮುಗಿದು ಹೋಗುತ್ತದೆ. ಹಾಗೇ ಇಟ್ಟರೆ ಕೆಟ್ಟು ಹೋಗುತ್ತದೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ?”

ಇಂಥ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡಬಾರದು. ಆ ವಸ್ತು ಏನು, ಅದರ ಸ್ವಭಾವ ಏನು ಎಂದು ತಿಳಿಯದೆ ಇಡು ಎಂದೋ ತೆಗೆ ಎಂದೋ ಹೇಳುವುದು ರೋಗಿಯನ್ನು ನೋಡದೆ ಮದ್ದು ಬರೆದ ಹಾಗೆ. ಅದೂ ಅಲ್ಲದೆ ಬಾಟಲಿಯ ಮೇಲಿನ ಹೆಸರು ಕೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಅದರ ಹೆಸರು ‘ಥಾಮಸ್ ಹಾರ್ಡೀಸ್ ಏಲ್’. ಏಲ್ ಎಂದರೆ ಬಿಯರಿನಲ್ಲೇ ಒಂದು ಬಗೆ. ಆದರೆ ಥಾಮಸ್ ಹಾರ್ಡಿ? ಇಂಗ್ಲಿಷ್ ಸಾಹಿತ್ಯ ಓದಿದ ನನ್ನ ತಲೆಮಾರಿನವರು ಅವನ ಕಾದಂಬರಿಯ ದುಃಖದಲ್ಲಿ ಕಣ್ಣೊರೆಸಿಕೊಂಡೇ ಡಿಗ್ರಿ ಮುಗಿಸಿದವರು. ಅವನ ಹೆಸರು ಬಿಯರ್ ಬಾಟಲಿಯ ಮೇಲೆ ಯಾಕೆ ಬಂತು ಎಂದು ಹುಡುಕಿ ಓದಿದೆ.

ಹಾರ್ಡಿ 1840ರಲ್ಲಿ ಹುಟ್ಟಿ 1928ರಲ್ಲಿ ತೀರಿಕೊಂಡವನು. ಡಾರ್ಸೆಟ್‌ನ ಮುಖ್ಯ ಊರು ಡಾರ್ಚೆಸ್ಟರ್. ಕಾದಂಬರಿಗಳಲ್ಲಿ ಅವನು ಅದನ್ನು ಕ್ಯಾಸ್ಟರ್‌ಬ್ರಿಜ್ ಎಂದು ಕರೆದ. 1880ರಲ್ಲಿ ಬಂದ ‘ದಿ ಟ್ರಂಪೆಟ್ ಮೇಜರ್’ ಎಂಬ ಕಾದಂಬರಿಯಲ್ಲಿ ಆ ಊರಿನ ಗಡುಸಾದ ಬಿಯರನ್ನು ಅವನು ಬಾಯಿ ತುಂಬ ಹೊಗಳಿದ್ದಾನೆ. ಡಾರ್ಚೆಸ್ಟರಿನಲ್ಲಿ ಎಲ್ಡ್ರಿಜ್ ಪೋಪ್ ಎಂಬ ಬಿಯರ್ ತಯಾರಕರಿದ್ದರು. 1837ರಲ್ಲಿ ಚಾರ್ಲ್ಸ್ ಮತ್ತು ಸಾರಾ ಎಲ್ಡ್ರಿಜ್ ದಂಪತಿಗಳಿಂದ ಶುರುವಾದ ಉದ್ಯಮ ಅದು. ಗಂಡ ಹೋದ ಮೇಲೆ ಸಾರಾ ಎದೆಗುಂದದೆ ಅದನ್ನು ನಡೆಸಿಕೊಂಡು ಹೋದಳು. ಹಾರ್ಡಿ ತೀರಿಕೊಂಡು ನಲವತ್ತು ವರ್ಷವಾದ 1968ರಲ್ಲಿ ಈ ಕಂಪನಿಯವರು ಅವನ ವರ್ಣನೆಗೆ ಹೊಂದುವಂಥ ಒಂದು ಬಿಯರ್ ಮಾಡಿ ಅವನ ಹೆಸರಿಟ್ಟರು. ಪ್ರತಿ ಬಾಟಲಿಯ ಮೇಲೂ ತಯಾರಿಸಿದ ವರ್ಷ. ಸರಿಯಾಗಿ ಇಟ್ಟರೆ 25 ವರ್ಷ ಬಾಳುತ್ತದೆ, ಇಟ್ಟಷ್ಟೂ ಹದವಾಗುತ್ತದೆ ಎಂಬ ಭರವಸೆ ಬೇರೆ. 1999ರಲ್ಲಿ ಅವರು ಅದನ್ನು ನಿಲ್ಲಿಸಿದರು. 2003ರಿಂದ ಕೆಲವು ವರ್ಷ ಬೇರೊಬ್ಬರು ಮಾಡಿದರು, ಅನಂತರ ಇಟಲಿಯ ಒಂದು ಕುಟುಂಬ ಆ ಹೆಸರನ್ನು ಕೊಂಡುಕೊಂಡಿತು. ನನ್ನ ತಂಗಿಯ ಬೀರುವಿನಲ್ಲಿದ್ದದ್ದು ಹಳೆಯ ಡಾರ್ಚೆಸ್ಟರಿನ ಕೈಯಲ್ಲಾದದ್ದು. ಆ ಕೈ ಈಗ ಇಲ್ಲ.

ಬಿಯರ್ ಇಟ್ಟಷ್ಟೂ ಹದವಾಗುವುದು ಎಂದರೇನು? ನಮ್ಮ ಅಡಿಗೆಮನೆಯ ಮಾತಿನಲ್ಲಿ ಹೇಳುತ್ತೇನೆ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿ ಮಕ್ಕಳಿಗೆ ಮಾಲ್ಟ್ ಮಾಡುತ್ತೇವಲ್ಲ, ಹಾಗೆಯೇ ಜವೆಗೋಧಿಯನ್ನು ಮೊಳಕೆ ಬರಿಸಿ ಒಣಗಿಸುತ್ತಾರೆ. ಅದನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ನೆನೆಸಿದರೆ ಸಿಹಿಯಾದ ಗಂಜಿನೀರು ಬರುತ್ತದೆ. ಅದಕ್ಕೆ ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಸೇರಿಸುತ್ತಾರೆ. ದೋಸೆ ಹಿಟ್ಟು ಹುಳಿ ಬಂದ ಹಾಗೆ ಅದು ಹುದುಗುತ್ತದೆ. ಸಾಮಾನ್ಯ ಬಿಯರಿನಲ್ಲಿ ಮದ್ಯಸಾರ ನೂರಕ್ಕೆ ಐದರ ಆಸುಪಾಸು. ಅಂಥದ್ದನ್ನು ವರ್ಷಗಟ್ಟಲೆ ಇಟ್ಟರೆ ಒದ್ದೆ ರಟ್ಟಿನ ರುಚಿ ಬಂದು ಕೆಡುತ್ತದೆ. ಅದನ್ನು ಇಡುವುದೆಂದರೆ ಸಾರನ್ನು ನಾಳಿದ್ದಿಗೆ ಇಟ್ಟ ಹಾಗೆ. ಆದರೆ ಹಾರ್ಡಿಯ ಹೆಸರಿನ ಈ ಬಿಯರಿನಲ್ಲಿ ಮದ್ಯಸಾರ ಸುಮಾರು ನೂರಕ್ಕೆ ಹನ್ನೆರಡು. ಸಿಹಿ ಹೆಚ್ಚು, ಕಹಿಯೂ ಹೆಚ್ಚು. ಬಾಟಲಿಯ ತಳದಲ್ಲಿ ಯೀಸ್ಟ್ ಜೀವಂತವಾಗಿ ಉಳಿದು ಒಳಗೇ ಮೆಲ್ಲನೆ ಕೆಲಸ ಮಾಡುತ್ತಿರುತ್ತದೆ. ಹೊಸತರಲ್ಲಿ ಕುಡಿದರೆ ನಾಲಿಗೆ ಹಿಡಿಯುವಷ್ಟು ಒರಟು. ವರ್ಷ ಕಳೆದಂತೆ ಕಹಿ ಇಳಿಯುತ್ತದೆ, ಒಣದ್ರಾಕ್ಷಿಯಂಥ, ಸುಟ್ಟ ಸಕ್ಕರೆಯಂಥ ರುಚಿಗಳು ಏಳುತ್ತವೆ. ಮುಚ್ಚಳದ ಸಂದಿಯಿಂದ ಕಣ್ಣಿಗೆ ಕಾಣದಷ್ಟು ಗಾಳಿ ಒಳಗೆ ಸೇರುತ್ತಿರುತ್ತದೆ. ಮೊದಮೊದಲು ಹದಕ್ಕೆ ಸಹಾಯ ಮಾಡುವುದೂ ಆ ಗಾಳಿಯೇ, ಕೊನೆಗೆ ಕೆಡಿಸುವುದೂ ಅದೇ. ಅದಕ್ಕೇ ತಂಪಾದ ಕತ್ತಲಲ್ಲಿ ನೆಟ್ಟಗೆ ನಿಲ್ಲಿಸಿ ಇಡುತ್ತಾರೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಪ್ಪೆಮಿಡಿ. ಭರಣಿಯಲ್ಲಿ ಉಪ್ಪು ಹಾಕಿಟ್ಟ ಮಿಡಿಯನ್ನು ಮರುದಿನವೇ ಕಚ್ಚಿದರೆ ಸೊನೆ, ಒಗರು. ತಿಂಗಳುಗಟ್ಟಲೆ ಇದ್ದು ಚಿರುಟಿದ ಮೇಲೆ ಅದಕ್ಕೆ ಅದರ ನಿಜವಾದ ರುಚಿ. ಇಡುವುದು ಅಲ್ಲಿ ಮಾಡುವುದರದೇ ಒಂದು ಭಾಗ. ಮಿಡಿ ಹಾಕಿದ ಅಮ್ಮ ಅರ್ಧ ಕೆಲಸ ಮಾಡಿರುತ್ತಾಳೆ, ಉಳಿದರ್ಧವನ್ನು ಕಾಲ ಮಾಡುತ್ತದೆ. ಆದರೆ ಯಾವ ಅಮ್ಮನೂ ಭರಣಿಯನ್ನು ನೋಡುವುದಕ್ಕೆಂದು ತುಂಬಿಸಿದ್ದಿಲ್ಲ. ಮತ್ತು ಭರಣಿಯಲ್ಲಿ ಮಿಡಿಗಳು ನೂರಾರು. ಒಂದನ್ನು ತೆಗೆದು ರುಚಿ ನೋಡಿ, ಇನ್ನೂ ಆಗಿಲ್ಲವೆಂದು ಮತ್ತೆ ಬಟ್ಟೆ ಕಟ್ಟಬಹುದು.

ಬಾಟಲಿ ಒಂದೇ ಇದ್ದಾಗ ಆ ಅನುಕೂಲವಿಲ್ಲ. ನಿಜವಾದ ಗಂಟು ಇರುವುದು ಇಲ್ಲಿ. ಒಂದು ಡಜನ್ ಬಾಟಲಿ ಇಟ್ಟವರು ಎರಡು ವರ್ಷಕ್ಕೊಂದು ತೆಗೆದು, ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿಕೊಳ್ಳುತ್ತಾರೆ. ಒಂದೇ ಬಾಟಲಿ ಇರುವವಳಿಗೆ ಒಳಗೆ ಏನಾಗಿದೆ ಎಂದು ತಿಳಿಯಬೇಕಾದರೆ ತೆಗೆಯಲೇಬೇಕು. ತೆಗೆದ ಮೇಲೆ ತಿಳಿದು ಪ್ರಯೋಜನವಿಲ್ಲ. ಸರಿಯಾದ ದಿನ ಯಾವುದು ಎನ್ನುವುದು ಆ ದಿನ ದಾಟಿದ ಮೇಲೆಯೇ ಗೊತ್ತಾಗುವ ಸಂಗತಿ. ಮಗಳನ್ನು ಓದಿಗೆ ದೂರ ಕಳಿಸುವುದು, ವಯಸ್ಸಾದ ಅತ್ತೆಯನ್ನು ಯಾತ್ರೆಗೆ ಕರೆದೊಯ್ಯುವುದು, ಹಳಸಿದ ಸ್ನೇಹಕ್ಕೆ ಮೊದಲ ಮಾತು ಆಡುವುದು, ಇವೆಲ್ಲ ಒಂದೇ ಬಾಟಲಿಯ ಲೆಕ್ಕಗಳು. ರುಚಿ ನೋಡಿ ಮತ್ತೆ ಮುಚ್ಚಿಡಲು ಬರುವುದಿಲ್ಲ.

ಇಂಗ್ಲೆಂಡಿನವರಿಗೆ ಈ ಗಂಟು ಹೊಸದಲ್ಲ. ಅಲ್ಲಿಯ ದೊಡ್ಡ ಜಮೀನುದಾರರ ಮನೆಗಳಲ್ಲಿ ವಾರಸುದಾರ ಹುಟ್ಟಿದಾಗ ಗಡುಸಾದ ಏಲ್ ಮಾಡಿ ಪೀಪಾಯಿಯಲ್ಲಿಟ್ಟು, ಅವನಿಗೆ ಇಪ್ಪತ್ತೊಂದು ತುಂಬಿದ ದಿನ ತೆಗೆಯುವ ಪದ್ಧತಿಯಿತ್ತು. ಮಾಡಿದವರಿಗೂ ಗೊತ್ತು, ಕಾಯುವವರಿಗೂ ಗೊತ್ತು, ಯಾರಿಗೆ ಮತ್ತು ಎಂದು. ನಮ್ಮಲ್ಲಿ ಹೆಣ್ಣು ಹುಟ್ಟಿದ ವರ್ಷ ತೆಂಗಿನ ಸಸಿ ನೆಟ್ಟು, ಇದರ ಕಾಯಿ ಅವಳ ಮದುವೆಗೆ ಎನ್ನುವವರಿಲ್ಲವೆ, ಹಾಗೆ.

ಬರ್ಟನ್ ಎಂಬ ಊರಿನ ಬಾಸ್ ಕಂಪನಿಯ ಪಾಲುದಾರರಾದ ರಾಟ್ಕ್ಲಿಫ್ ಮನೆತನದಲ್ಲಿ ಮಗು ಹುಟ್ಟಿದ ಸಂತೋಷಕ್ಕೆ 1869ರಲ್ಲಿ ಒಂದು ವಿಶೇಷ ಬಿಯರ್ ಮಾಡಿದ್ದರು. ಅದರ ಕೆಲವು ಬಾಟಲಿಗಳು ನೆಲಮಾಳಿಗೆಯಲ್ಲಿ ಉಳಿದು 2006ರಲ್ಲಿ ಸಿಕ್ಕವು. ರುಚಿ ನೋಡಿದವರು ಅದು ಇನ್ನೂ ಕುಡಿಯುವಂತಿದೆ ಎಂದು ಬೆರಗಾದರು. ಹುಟ್ಟಿದ ಮಗು ಎಂದೋ ಮಣ್ಣಾಗಿತ್ತು. ಇದಕ್ಕೆ ವಿರುದ್ಧವಾದ ಕಥೆಯೂ ಇದೆ. ಫಿನ್ಲೆಂಡಿನ ಆಲಂಡ್ ದ್ವೀಪಗಳ ಬಳಿ 1840ರ ದಶಕದಲ್ಲಿ ಮುಳುಗಿದ ಹಡಗಿನಿಂದ 2010ರಲ್ಲಿ ಬಿಯರ್ ಬಾಟಲಿಗಳನ್ನು ಮೇಲೆತ್ತಿದರು. ವಿಜ್ಞಾನಿಗಳು ತೆಗೆದು ನೋಡಿದರೆ ಸಮುದ್ರದ ಉಪ್ಪು ನೀರು ಸೇರಿ, ಸೂಕ್ಷ್ಮಜೀವಿಗಳು ಕೆಡಿಸಿ, ಸುಟ್ಟ ರಬ್ಬರಿನ, ಆಡಿನ ವಾಸನೆ ಹೊಡೆಯುತ್ತಿತ್ತಂತೆ. ಆದರೆ ತೆಗೆದದ್ದರಿಂದಲೇ, ಎರಡು ಬಾಟಲಿಗಳಲ್ಲಿ ಎರಡು ಬಗೆಯ ಬಿಯರ್ ಇದ್ದದ್ದೂ ಆ ಕಾಲದವರು ಯಾವ ರೀತಿಯ ಹಾಪ್ಸ್ ಹಾಕುತ್ತಿದ್ದರು ಎಂಬುದೂ ತಿಳಿಯಿತು. ಕೆಟ್ಟದ್ದೂ ಒಂದಷ್ಟು ಹೇಳಿಕೊಟ್ಟಿತು.

ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಇಟ್ಟರೆ ಒಳ್ಳೆಯದೋ ತೆಗೆದರೆ ಒಳ್ಳೆಯದೋ ಎಂಬುದಕ್ಕೆ ಬಿಯರೇ ಉತ್ತರ ಕೊಡುವುದಿಲ್ಲ ಎಂದು ಗೊತ್ತಾಗುತ್ತದೆ. ಪ್ರಶ್ನೆ ಇರುವುದು ಇಟ್ಟವರಲ್ಲಿ.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಕುಡಿತದ ವಿಷಯವನ್ನು ಇಷ್ಟು ಹಗುರವಾಗಿ ಬರೆಯುವುದೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅನ್ನಿಸಬೇಕಾದದ್ದೇ. ಬಾಡಿದ ಮುಖ ಹೊತ್ತು ತರಗತಿಗೆ ಬರುವ ಮಗುವನ್ನು ಕೇಳಿದರೆ ಅದು ಹೇಳುವ ಮನೆಯ ಕಥೆಗಳನ್ನು ನಾನೂ ಕೇಳಿದ್ದೇನೆ. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಾಗ ಉಸಿರು ಬಿಟ್ಟ ತಾಯಂದಿರನ್ನು ನೋಡಿದ್ದೇನೆ. ಹಾರ್ಡಿಗೂ ಇದು ಗೊತ್ತಿಲ್ಲದ ವಿಷಯವಲ್ಲ. ಅವನ ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ ಶುರುವಾಗುವುದೇ ಜಾತ್ರೆಯಲ್ಲಿ ಕುಡಿದ ಗಂಡನೊಬ್ಬ ಹೆಂಡತಿ ಮಗುವನ್ನು ಮಾರಿಬಿಡುವುದರಿಂದ. ಮರುದಿನ ಎಚ್ಚರವಾದ ಮೇಲೆ ಅವನು ಇಪ್ಪತ್ತೊಂದು ವರ್ಷ ಮದ್ಯ ಮುಟ್ಟುವುದಿಲ್ಲವೆಂದು ಆಣೆ ಇಡುತ್ತಾನೆ, ಪಾಲಿಸುತ್ತಾನೆ, ಅವಧಿ ಮುಗಿದದ್ದೇ ಮತ್ತೆ ಕುಡಿಯುತ್ತಾನೆ. ವರ್ಷ ಎಣಿಸಿದ ಮಾತ್ರಕ್ಕೆ ಮನಸ್ಸು ಹದವಾಗುವುದಿಲ್ಲ ಎಂದು ತೋರಿಸುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ? ಅಂಥ ಲೇಖಕನ ಹೆಸರಿನ ಬಾಟಲಿಯನ್ನು ಮೂವತ್ತು ವರ್ಷ ಮುಟ್ಟದೆ ಕಾದ ಮನುಷ್ಯ ಕುಡುಕನಲ್ಲ. ಅವನಿಗೆ ಬೇಕಾಗಿದ್ದದ್ದು ಮಗನ ಎದುರಿಗೆ ಕೂರುವ ಒಂದು ಸಂಜೆ. ಬಾಟಲಿ ಅದಕ್ಕೆ ನೆವ.

ಈ ನೆವ ಎಂಬ ಮಾತು ಹೊಳೆದಾಗಲೇ ತಂಗಿಗೆ ಏನು ಹೇಳಬೇಕೆಂದು ನನಗೆ ಗೊತ್ತಾಯಿತು.

ಅವಳಿಗೆ ಸಲಹೆ ಕೊಡುವವರು ಅಷ್ಟರಲ್ಲಿ ಬಹಳ ಜನ ಆಗಿದ್ದರು. ಹಳೆಯ ಬಾಟಲಿಗಳನ್ನು ಕೂಡಿಡುವ ಹವ್ಯಾಸದವರು ಒಳ್ಳೆಯ ಬೆಲೆಗೆ ಕೊಳ್ಳುತ್ತಾರೆ, ಮಾರು ಎಂದು ನೆರೆಯವರೊಬ್ಬರು. ಗಾಜಿನ ಪೆಟ್ಟಿಗೆಯಲ್ಲಿ ಫೋಟೋದ ಪಕ್ಕ ಇಡು ಎಂದು ಗೆಳತಿ. ಮೂವತ್ತು ದಾಟಿದೆ, ಕೆಟ್ಟಿರುತ್ತದೆ, ಚೆಲ್ಲು ಎಂದು ಮತ್ತೊಬ್ಬರು. ಮಗನನ್ನು ಕೇಳಿದರೆ, “ಅಮ್ಮಾ, ನಾನು ಕುಡಿಯುವುದಿಲ್ಲವಲ್ಲ. ನಿನಗೆ ಹೇಗೆ ಸರಿ ಕಾಣುತ್ತದೋ ಹಾಗೆ ಮಾಡು” ಎಂದನಂತೆ. ಯಾರಿಗೆಂದು ಇಟ್ಟರೋ ಅವನು ಕುಡಿಯುವವನಲ್ಲ, ಇಟ್ಟವರು ಇಲ್ಲ, ಉಳಿದವಳು ಅದರ ವಾಸನೆಗೇ ಮೂಗು ಮುಚ್ಚಿಕೊಳ್ಳುವವಳು!

ನಾನು ಅವಳನ್ನು ಕೇಳಿದೆ: “ನಿನ್ನ ಮನೆಯವರು ಅದನ್ನು ಇಟ್ಟದ್ದು ಇಡುವುದಕ್ಕೋ, ತೆಗೆಯುವುದಕ್ಕೋ?”

ಅವಳು ಸುಮ್ಮನಿದ್ದಳು.

ಸತ್ತವರಿಗೆ ನಾವು ನಿಷ್ಠೆಯಿಂದ ಇರಬೇಕು ಎನ್ನುತ್ತೇವೆ. ಆದರೆ ನಿಷ್ಠೆ ಯಾವುದಕ್ಕೆ? ಅವರು ಮಾಡಿದ ಕೆಲಸಕ್ಕೋ, ಆ ಕೆಲಸದ ಹಿಂದಿದ್ದ ಆಸೆಗೋ? ಅವರು ಇಟ್ಟರು, ಆದ್ದರಿಂದ ನಾನೂ ಇಡುತ್ತೇನೆ ಎನ್ನುವುದು ಒಂದು ನಿಷ್ಠೆ. ಅವರು ತೆಗೆಯಬೇಕೆಂದು ಇಟ್ಟರು, ಆದ್ದರಿಂದ ನಾನು ತೆಗೆಯುತ್ತೇನೆ ಎನ್ನುವುದು ಇನ್ನೊಂದು. ಮೊದಲನೆಯದು ಸುಲಭ, ಏಕೆಂದರೆ ಅದರಲ್ಲಿ ನಾವು ಏನೂ ಮಾಡಬೇಕಿಲ್ಲ. ಕೈಗೆ ಮಸಿ ಅಂಟುವುದಿಲ್ಲ. ಎರಡನೆಯದರಲ್ಲಿ ನಷ್ಟದ ಭಯವಿದೆ. ಕೆಟ್ಟಿದ್ದರೆ? ಇನ್ನೂ ಒಂದು ವರ್ಷ ಕಾಯಬೇಕಿತ್ತು ಎನಿಸಿದರೆ? ಮುಚ್ಚಿರುವ ತನಕ ಆ ಬಾಟಲಿಯೊಳಗೆ ಒಂದು ಸಂಜೆ ಇನ್ನೂ ಬರುವುದಿದೆ ಎಂಬ ಭ್ರಮೆ ಉಳಿದಿರುತ್ತದೆ. ತೆಗೆದೊಡನೆ ಆ ಸಂಜೆ ಇನ್ನು ಬರುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ತಂಗಿ ಅತ್ತದ್ದು ಬಿಯರಿಗಲ್ಲ, ಇದಕ್ಕೆ.

ಆದರೂ ನಾನು ‘ತೆಗೆ’ ಎಂದು ಅಪ್ಪಣೆ ಕೊಡಲಿಲ್ಲ. ಇಡುವುದಕ್ಕೂ ಒಂದು ನ್ಯಾಯವಿದೆ. ಗಂಡನ ಅಕ್ಷರವಿರುವ ಕಾಗದವನ್ನು ಯಾರೂ ‘ಓದಿ ಆಯಿತಲ್ಲ’ ಎಂದು ಒಲೆಗೆ ಹಾಕುವುದಿಲ್ಲ. ಎಲ್ಲವನ್ನೂ ಬಳಸಿ ಮುಗಿಸುವುದೇ ಜಾಣತನ ಎನ್ನುವುದು ಅಂಗಡಿಯವರ ತತ್ವ. ಆದರೆ ಕಾಗದ ಇಟ್ಟಲ್ಲಿ ಕಾಗದವಾಗಿಯೇ ಇರುತ್ತದೆ, ಬಿಯರ್ ಹಾಗಲ್ಲ. ಅವರು ಇಟ್ಟದ್ದು ಈಗ ಅಲ್ಲಿ ಇಲ್ಲ. ಪ್ರತಿದಿನ ಅದು ಸ್ವಲ್ಪ ಸ್ವಲ್ಪ ಬೇರೆಯಾಗುತ್ತಲೇ ಇದೆ. ಮುಟ್ಟದೆ ಇಟ್ಟಿದ್ದೇನೆ ಎಂದು ನಾವು ಅಂದುಕೊಂಡಿರುವಾಗಲೂ ಅದು ಖರ್ಚಾಗುತ್ತಿದೆ. ಅದಕ್ಕೆ ಅವಳಿಗೆ ಹೇಳಿದ್ದು ಇಷ್ಟೇ: “ಇಡುವುದಾದರೆ ಯಾವ ದಿನಕ್ಕೆ, ಯಾರಿಗೆ ಎಂದು ಹೇಳಿ ಇಡು. ಹೇಳಲು ಬರದಿದ್ದರೆ ತೆಗೆ.”

ಎರಡು ವಾರದ ಮೇಲೆ ಒಂದು ಭಾನುವಾರ ಮಗ ಬಂದಿದ್ದಾಗ, ಗಂಡನ ಜೊತೆ ಅದೇ ಆಸ್ಪತ್ರೆಯಲ್ಲಿದ್ದ ಇಬ್ಬರು ಹಳೆಯ ಸ್ನೇಹಿತರನ್ನು ಊಟಕ್ಕೆ ಕರೆದಳಂತೆ. ಹುಟ್ಟುಹಬ್ಬವಲ್ಲ, ತಿಥಿಯಲ್ಲ, ಬರೀ ಭಾನುವಾರ. ಮುಚ್ಚಳ ತೆಗೆದಾಗ ಬುಸ್ ಎಂಬ ಸದ್ದೂ ಬರಲಿಲ್ಲ. ಬಣ್ಣ ಹುಣಸೆಹಣ್ಣಿನ ರಸದ ಹಾಗೆ ಕಪ್ಪು ಕಂದು. ಸ್ನೇಹಿತರು ಸಣ್ಣ ಲೋಟಗಳಲ್ಲಿ ಕುಡಿದರು. ಮೊದಲು ಒಣದ್ರಾಕ್ಷಿ, ಆಮೇಲೆ ಹಳೆಯ ಬೆಲ್ಲ, ಕೊನೆಯಲ್ಲಿ ತುಸು ಹುಳಿ ಎಂದರು. ನಾಲ್ಕೈದು ವರ್ಷ ಮೊದಲಾಗಿದ್ದರೆ ಇನ್ನೂ ಚೆನ್ನಾಗಿತ್ತೇನೋ ಎಂದೂ ಒಬ್ಬರು ಅಂದರು. ಅಂದ ಮೇಲೆ ನಾಲ್ಕೈದು ವರ್ಷ ಮೊದಲು ಎಂದರೆ ಏನೆಂದು ಅವರಿಗೇ ಹೊಳೆದು ಸುಮ್ಮನಾದರು. ಮಗ ಬೆರಳ ತುದಿ ಅದ್ದಿ ನಾಲಿಗೆಗೆ ತಾಗಿಸಿಕೊಂಡ. ಆಮೇಲೆ ಸ್ನೇಹಿತರು ಅವನ ಅಪ್ಪನ ಕಥೆಗಳನ್ನು ಹೇಳತೊಡಗಿದರು. ಅವನು ಹುಟ್ಟಿದ ರಾತ್ರಿ ಅಪ್ಪ ಕಾರಿಡಾರಿನಲ್ಲಿ ಎಷ್ಟು ಬಾರಿ ಶತಪಥ ಹಾಕಿದರು, ಈ ಬಾಟಲಿ ಕೊಳ್ಳುವ ಮೊದಲು ಅಂಗಡಿಯಲ್ಲಿ ಎಷ್ಟು ಹೊತ್ತು ನಿಂತಿದ್ದರು, ಹೀಗೆ. ಮಗನಿಗಾಗಲೀ ತಂಗಿಗಾಗಲೀ ಗೊತ್ತಿಲ್ಲದ ಕಥೆಗಳು. ಬಾಟಲಿ ಬೀರುವಿನಲ್ಲೇ ಇದ್ದಿದ್ದರೆ ಅವು ಆ ಇಬ್ಬರೊಂದಿಗೇ ಹೋಗುತ್ತಿದ್ದವು. ಅವರಿಗೂ ಎಪ್ಪತ್ತು ದಾಟಿದೆ.

ಹಾಗಾದರೆ ಬಿಯರ್ ಪೂರ್ತಿ ಕೆಟ್ಟಿದ್ದರೆ ತಂಗಿ ಮಾಡಿದ್ದು ತಪ್ಪಾಗುತ್ತಿತ್ತೇ? ಇಲ್ಲ ಎಂದೇ ನನ್ನ ಅಭಿಪ್ರಾಯ. ನಾವು ಸಾಮಾನ್ಯವಾಗಿ ಫಲ ನೋಡಿ ತೀರ್ಪು ಕೊಡುತ್ತೇವೆ. ರುಚಿ ಇದ್ದರೆ ತೆಗೆದದ್ದು ಸರಿ, ಹಳಸಿದ್ದರೆ ತೆಗೆದದ್ದು ದುಡುಕು. ಆದರೆ ಮುಚ್ಚಳ ತೆಗೆಯುವ ಮೊದಲು ಅವಳಿಗೆ ಎಷ್ಟು ಗೊತ್ತಿತ್ತೋ ಅಷ್ಟರಲ್ಲಿಯೇ ಅವಳ ನಿರ್ಧಾರವನ್ನು ಅಳೆಯಬೇಕು. ಅವಳಿಗೆ ಗೊತ್ತಿದ್ದದ್ದು ಮೂರು ಮಾತು: ಇದು ತೆಗೆಯಲೆಂದು ಇಟ್ಟದ್ದು, ಹೇಳಿದ ಅವಧಿ ಮುಗಿದಿದೆ, ಅವರನ್ನು ಬಲ್ಲವರು ಇನ್ನೂ ಇದ್ದಾರೆ. ಅಷ್ಟು ಸಾಕು. ಉಳಿದದ್ದು ಬಾಟಲಿಯ ಹಣೆಬರಹ.

ಈ ಪ್ರಸಂಗವಾದ ಮೇಲೆ ನಮ್ಮ ಸುತ್ತ ಹೆಸರಿಲ್ಲದೆ ಇಟ್ಟ ವಸ್ತುಗಳೇ ನನ್ನ ಕಣ್ಣಿಗೆ ಬೀಳತೊಡಗಿವೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಾಠ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಒಳ್ಳೆಯ ಸೂಕ್ಷ್ಮದರ್ಶಕವೊಂದಿತ್ತು. ಮಕ್ಕಳು ಮುಟ್ಟಿದರೆ ಹಾಳಾಗುತ್ತದೆಂದು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಇನ್ಸ್‌ಪೆಕ್ಟರು ಬಂದ ದಿನ ಮಾತ್ರ ಅದಕ್ಕೆ ಬೆಳಕು ಕಾಣುವ ಭಾಗ್ಯ. ವರ್ಷಗಳ ಮೇಲೆ ತೆಗೆದು ನೋಡಿದರೆ ಮಳೆಗಾಲದ ತೇವಕ್ಕೆ ಮಸೂರದೊಳಗೆ ಬೂಸ್ಟು ಹಬ್ಬಿತ್ತು. ಒಂದು ಈರುಳ್ಳಿಯ ಸಿಪ್ಪೆಯನ್ನೂ ಅದು ಯಾವ ಮಗುವಿಗೂ ತೋರಿಸಿರಲಿಲ್ಲ. ಮುರಿಯದೆಯೇ ಅದು ಹಾಳಾಯಿತು. ಮಕ್ಕಳ ಕೈಯಲ್ಲಿ ಮುರಿದಿದ್ದರೆ ನೂರು ಮಕ್ಕಳಾದರೂ ನೋಡಿ ಮುರಿಯುತ್ತಿತ್ತು.

ನಮ್ಮ ಟ್ರಂಕುಗಳ ಮಾತು ಬೇರೆಯೇ? ಒಳ್ಳೆಯ ದಿನಕ್ಕೆಂದು ಇಟ್ಟ ರೇಷ್ಮೆ ಸೀರೆ ಮಡಿಕೆಯಲ್ಲೇ ಬಿರಿಯುತ್ತದೆ. ನೆಂಟರಿಗೆಂದು ಇಟ್ಟ ಪಿಂಗಾಣಿ ಬಟ್ಟಲುಗಳಲ್ಲಿ ಮನೆಯವರು ಒಮ್ಮೆಯೂ ಕಾಫಿ ಕುಡಿದಿರುವುದಿಲ್ಲ. ಇದರಲ್ಲಿ ಲೋಭವೇ ಇರುತ್ತದೆಂದು ನಾನು ಹೇಳುವುದಿಲ್ಲ. ಕೊರತೆ ಕಂಡ ಮನೆಗಳಲ್ಲಿ ಬೆಳೆದ ಹೆಂಗಸರಿಗೆ ಇಡುವುದು ಒಂದು ರಕ್ಷಣೆ. ನಾಳೆಗೆ ಏನಾದರೂ ಇದೆ ಎಂಬ ಧೈರ್ಯದಲ್ಲಿ ಎಷ್ಟೋ ಸಂಸಾರಗಳು ದಡ ಸೇರಿವೆ. ಆದರೆ ಒಳ್ಳೆಯ ದಿನ ಎಂದು ನಾವು ಕಾಯುವುದು ಯಾರ ದಿನವನ್ನು? ಎಲ್ಲರಿಗೂ ಒಳ್ಳೆಯದಾಗುವ ದಿನ ಬಂದಾಗ ನಮ್ಮ ಪಾಲಿಗೂ ಒಂದು ಬಟ್ಟಲು ಎಂದುಕೊಂಡು ನಾವು ನಮ್ಮನ್ನೇ ಕಪಾಟಿನ ಕೆಳಗಿನ ಖಾನೆಗೆ ತಳ್ಳಿಕೊಂಡಿರುತ್ತೇವೆ. ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂಬ ಗಾದೆಯಲ್ಲಿ ದೈವವನ್ನು ದೂರುತ್ತೇವೆ. ಕೈಯನ್ನು ಅಲ್ಲೇ ತಡೆದು ನಿಲ್ಲಿಸಿದವರು ಕೆಲವೊಮ್ಮೆ ನಾವೇ.

ಹಾಗೆಂದು ಇಂದೇ ಎಲ್ಲ ಟ್ರಂಕು ತೆಗೆದು ಹರವಿ ಎಂದಲ್ಲ. ಮಿಡಿ ಹದವಾಗುವ ಮೊದಲೇ ಭರಣಿ ಬರಿದು ಮಾಡುವುದು ಧೈರ್ಯವೂ ಅಲ್ಲ, ಉದಾರತೆಯೂ ಅಲ್ಲ. ಅದು ಬರೀ ಆತುರ. ಕಾಯುವ ಹೊತ್ತಿನಲ್ಲಿ ಕಾಯಬೇಕು. ನಾನು ಮಾಡತೊಡಗಿರುವುದು ಒಂದು ಸಣ್ಣ ಕೆಲಸ. ಏನನ್ನಾದರೂ ಮುಂದಕ್ಕೆಂದು ಇಡುವಾಗ ಒಂದು ಚೀಟಿಯಲ್ಲಿ ಹೆಸರು ಮತ್ತು ವರ್ಷ ಬರೆದು ಸಿಕ್ಕಿಸುತ್ತೇನೆ. ಅಮ್ಮನ ಅಡ್ಡಿಕೆಗೆ ಮೊಮ್ಮಗಳ ಹೆಸರಿದೆ, ಅವಳಿಗೆ ಹದಿನೆಂಟು ತುಂಬುವ ವರ್ಷವೂ ಇದೆ. ಅದು ನನಗೆ ಗೊತ್ತು, ಸೊಸೆಗೂ ಗೊತ್ತು, ಆದ್ದರಿಂದ ನಾನಿಲ್ಲದಿದ್ದರೂ ಯಾರೂ ಅದನ್ನು ಹಿಡಿದುಕೊಂಡು ಫೋನಿನಲ್ಲಿ ಅಳಬೇಕಾಗಿಲ್ಲ. ಇನ್ನು ಕೆಲವು ವಸ್ತುಗಳ ಮುಂದೆ ಚೀಟಿ ಹಿಡಿದು ಎಷ್ಟು ಹೊತ್ತು ನಿಂತರೂ ಬರೆಯಲು ಒಂದು ಹೆಸರೂ ಹೊಳೆಯುವುದಿಲ್ಲ. ಅಂಥವನ್ನು ಆ ವಾರವೇ ಬಳಕೆಗೆ ತೆಗೆಯುತ್ತೇನೆ. ಪಿಂಗಾಣಿ ಬಟ್ಟಲುಗಳಲ್ಲಿ ಈಗ ನಾವೇ ಕಾಫಿ ಕುಡಿಯುತ್ತಿದ್ದೇವೆ. ಆರರಲ್ಲಿ ಒಂದು ಒಡೆದಿದೆ. ಐದು ಇವೆ.